ಥೇಟ್ ಅವರ ಹಾಗೇ ಹಾಡುವುದೇ ನೆನಪಾ?

"ಕಣ್ಣು ಮುಚ್ಚಿ ಕೇಳಿದ್ರೆ ಥೇಟ್ ಎಸ್‌ಪಿಬಿ!" ನಮ್ಮ ಸಂಗೀತ ಸಂಜೆಗಳಲ್ಲಿ ಹಾಡುವವರಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಇಲ್ಲ. ಬೆಂಗಳೂರಿನಲ್ಲೂ ಹೀಗೇ, ನಾನಿರುವ ಅಟ್ಲಾಂಟಾದ ಕನ್ನಡಿಗರ ನಡುವೆಯೂ ಹೀಗೇ. ಹೋದ ಗಾಯಕರನ್ನು ನೆನೆಯುವುದು ಅಂದರೆ ಅವರ ಹಾಡನ್ನು ಅವರು ಹಾಡಿದ ಹಾಗೆಯೇ ಹಾಡುವುದು. ಒಂದು ಗಮಕ ತಪ್ಪಬಾರದು. ಅವರು ನಕ್ಕ ಕಡೆ ನಗಬೇಕು, ಅವರು ಉಸಿರು ತೆಗೆದುಕೊಂಡ ಕಡೆಯೇ ಉಸಿರು ತೆಗೆದುಕೊಳ್ಳಬೇಕು.

ಅಟ್ಲಾಂಟಾದಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ದಕ್ಷಿಣಕ್ಕೆ ಹೋದರೆ ಮೇಕನ್ ಸಿಗುತ್ತದೆ. 'ಸೋಲ್' ಎಂಬ ಅಮೆರಿಕದ ಕರಿಯರ ಸಂಗೀತದ ಗಾಯಕ ಓಟಿಸ್ ರೆಡಿಂಗ್ ಬೆಳೆದ ಊರು ಅದು. ಅಲ್ಲಿ ಅವನ ಹೆಸರಿನಲ್ಲಿ ಒಂದು ಸೇತುವೆ ಇದೆ. ಗಿಟಾರ್ ಹಿಡಿದು ಕೂತ ಪ್ರತಿಮೆ ಇದೆ. ಅವನನ್ನು ಪ್ರೀತಿಸುವವರು ಈಗಲೂ ಆ ಊರಿಗೆ ಬರುತ್ತಾರೆ, ಅವನ ಹಾಡುಗಳನ್ನು ಹಾಡುತ್ತಾರೆ. ಆದರೆ ಅವರು ಹಾಡುವ ಬಗೆ ಬೇರೆ. ಹಾಡು ಅವನದೇ ಇರುತ್ತದೆ, ಗಂಟಲು ಮಾತ್ರ ಹಾಡುವವರ ಸ್ವಂತದ್ದು. ಒಬ್ಬರು ಎಳೆದು ಹಾಡುತ್ತಾರೆ, ಇನ್ನೊಬ್ಬರು ಕುಣಿಯುವ ಹಾಗೆ ಹಾಡುತ್ತಾರೆ. ಹಾಡು ಬದಲಾಯಿತಲ್ಲ ಅಂತ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾವು ಕನ್ನಡಿಗರು ಇದನ್ನು ಕಲಿಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾಕೆ ಅಂತ ಹೇಳುವುದಕ್ಕೆ ಓಟಿಸ್‌ನ ಕತೆಯನ್ನೇ ಹೇಳಬೇಕು.

ಅವನು ಹುಟ್ಟಿದ್ದು 1941ರಲ್ಲಿ, ಜಾರ್ಜಿಯಾದ ಡಾಸನ್ ಎಂಬಲ್ಲಿ. ಮನೆಯವರು ಮೇಕನ್‌ಗೆ ಬಂದಾಗ ಇನ್ನೂ ಪುಟ್ಟ ಮಗು. ಚರ್ಚಿನ ಗಾಯಕರ ತಂಡದಲ್ಲಿ ಹಾಡು ಕಲಿತ. ಅಪ್ಪನ ಆರೋಗ್ಯ ಕೆಟ್ಟಿತು, 15ನೇ ವಯಸ್ಸಿಗೇ ಶಾಲೆ ಬಿಟ್ಟ. ಬಾವಿ ತೋಡುವ ಕೆಲಸ ಮಾಡಿದ, ಪೆಟ್ರೋಲ್ ಬಂಕಿನಲ್ಲಿ ದುಡಿದ. ಊರಿನ ಡಗ್ಲಸ್ ಥಿಯೇಟರಿನಲ್ಲಿ ಹುಡುಗರಿಗಾಗಿ ಹಾಡಿನ ಸ್ಪರ್ಧೆ ನಡೆಯುತ್ತಿತ್ತು. ಕರಿಯರು ಬಿಳಿಯರು ಒಟ್ಟಿಗೆ ಕೂರುವಂತಿಲ್ಲದ ಕಾಲದಲ್ಲಿ ಕರಿಯರೇ ಕಟ್ಟಿಕೊಂಡ ಥಿಯೇಟರು ಅದು. ಅಲ್ಲಿ ಓಟಿಸ್ ಸತತವಾಗಿ 15 ಸಲ ಗೆದ್ದ. ಹೇಗೆ ಗೆದ್ದ ಗೊತ್ತಾ? ಅದೇ ಮೇಕನ್‌ನ ಇನ್ನೊಬ್ಬ ದೊಡ್ಡ ಗಾಯಕ ಲಿಟಲ್ ರಿಚರ್ಡ್‌ನ ಹಾಡನ್ನು ಅವನದೇ ಧಾಟಿಯಲ್ಲಿ ಹಾಡಿ.

1962ರಲ್ಲಿ ಜಾನಿ ಜೆಂಕಿನ್ಸ್ ಎಂಬ ಗಿಟಾರ್ ವಾದಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮೆಂಫಿಸ್‌ಗೆ ಹೋದ. ಧ್ವನಿಮುದ್ರಣ ಇದ್ದದ್ದು ಜೆಂಕಿನ್ಸ್‌ನದು, ಓಟಿಸ್ ಬರೀ ಡ್ರೈವರ್. ಸ್ಟ್ಯಾಕ್ಸ್ ಕಂಪನಿಯ ಆ ಸ್ಟುಡಿಯೋ ಒಂದು ಹಳೆಯ ಟಾಕೀಸು. ನೆಲ ಇನ್ನೂ ಪರದೆಯ ಕಡೆಗೆ ಇಳಿಜಾರಾಗಿಯೇ ಇತ್ತು. ಕೊನೆಗೆ ಸ್ವಲ್ಪ ಸಮಯ ಉಳಿಯಿತು, ಓಟಿಸ್‌ಗೆ ಹಾಡಲು ಬಿಟ್ಟರು. ಮೊದಲು ಹಾಡಿದ್ದು ಲಿಟಲ್ ರಿಚರ್ಡ್ ಧಾಟಿಯದ್ದು. ಯಾರಿಗೂ ಏನೂ ಅನಿಸಲಿಲ್ಲ. ಆಮೇಲೆ ತಾನೇ ಬರೆದ ಒಂದು ನಿಧಾನದ ಹಾಡು ಎತ್ತಿಕೊಂಡ. ಗಂಟಲು ಕಟ್ಟಿಬಂದ ಹಾಗೆ, ಬೇಡಿಕೊಳ್ಳುವ ಹಾಗೆ. 'ದೀಸ್ ಆರ್ಮ್ಸ್ ಆಫ್ ಮೈನ್' ಎಂಬ ಆ ಹಾಡಿನಿಂದಲೇ ಜಗತ್ತಿಗೆ ಓಟಿಸ್ ಸಿಕ್ಕಿದ. ಊರಿನ ಸ್ಪರ್ಧೆ ಗೆಲ್ಲಲು ಇನ್ನೊಬ್ಬರ ಧಾಟಿ ಸಾಕಾಗಿತ್ತು. ಹಾಡುಗಾರನಾಗಲು ಸಾಕಾಗಲಿಲ್ಲ.

ಇದಕ್ಕಿಂತಲೂ ನನಗೆ ಮುಖ್ಯ ಅನಿಸುವುದು ಅವನೇ ಒಬ್ಬ ಅಭಿಮಾನಿಯಾಗಿ ನಡೆದುಕೊಂಡ ರೀತಿ. ಗಾಯಕ ಸ್ಯಾಮ್ ಕುಕ್ ಅಂದರೆ ಅವನಿಗೆ ಪ್ರಾಣ. 1964ರ ಡಿಸೆಂಬರಿನಲ್ಲಿ ಸ್ಯಾಮ್ ಕುಕ್ ಗುಂಡೇಟಿಗೆ ಬಲಿಯಾದರು. ಮರುವರ್ಷ ಓಟಿಸ್ ತನ್ನ ಒಂದೇ ಆಲ್ಬಮ್ಮಿನಲ್ಲಿ ಅವರ ಮೂರು ಹಾಡು ಹಾಡಿದ. ಸ್ಯಾಮ್ ಕುಕ್ ದನಿ ರೇಷ್ಮೆಯಂಥದ್ದು, ಎಲ್ಲೂ ಸಿಕ್ಕು ಇಲ್ಲ. ಓಟಿಸ್‌ನದು ಒಡಕು ದನಿ, ತೊದಲುತ್ತಾನೆ, ಪದವನ್ನು ಅರ್ಧಕ್ಕೆ ಕಡಿಯುತ್ತಾನೆ, ಬೇಕಾದಾಗ ಕೂಗುತ್ತಾನೆ. ಅವನು ಆ ನಯವನ್ನು ತಂದುಕೊಳ್ಳಲು ಹೋಗಲೇ ಇಲ್ಲ. ತನ್ನ ಗಂಟಲಿನಲ್ಲೇ ಹಾಡಿದ. ಅವುಗಳಲ್ಲಿ ಒಂದಾದ, ಬದಲಾವಣೆ ಬಂದೇ ಬರುತ್ತದೆ ಅನ್ನುವ 'ಎ ಚೇಂಜ್ ಈಸ್ ಗಾನಾ ಕಮ್' ಹಾಡನ್ನು ಅವನ ದನಿಯಲ್ಲಿ ಕೇಳಿದರೆ, ಪ್ರೀತಿಸಿದವರನ್ನು ಕಳೆದುಕೊಂಡ ಮನುಷ್ಯ ಹಾಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಅಣಕು ಮಾಡಿದ್ದರೆ ಆ ದುಃಖ ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಅವನ ಹಾಡನ್ನು ಬೇರೆಯವರು ಬದಲಿಸಿದಾಗಲೂ ಅವನು ಹಾಗೇ ಇದ್ದ. 1965ರಲ್ಲಿ ಅವನು ಬರೆದು ಹಾಡಿದ್ದ 'ರೆಸ್ಪೆಕ್ಟ್' ಮನೆಗೆ ಬಂದ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನು ಎತ್ತಿಕೊಂಡು ಹೆಂಗಸಿನ ಬಾಯಿಗೆ ಹಾಕಿದರು, ಆ ಪದದ ಒಂದೊಂದು ಅಕ್ಷರವನ್ನೂ ಬಿಡಿಸಿ ಹಾಡಿದರು. ಹಾಡು ದೇಶದ ನಂಬರ್ ಒನ್ ಆಯಿತು. ಅದೇ ಜೂನ್‌ನಲ್ಲಿ ಮಾಂಟೆರಿ ಸಂಗೀತ ಉತ್ಸವದ ವೇದಿಕೆಯಲ್ಲಿ ಓಟಿಸ್, ನನ್ನ ಗೆಳತಿಯೊಬ್ಬಳು ಈ ಹಾಡನ್ನು ನನ್ನಿಂದ ಕಿತ್ತುಕೊಂಡು ಹೋದಳು ಅಂತ ಹೇಳಿ, ಮತ್ತೆ ತನ್ನದೇ ರೀತಿಯಲ್ಲಿ ಅದನ್ನು ಹಾಡಿದ.

ಆರೇ ತಿಂಗಳು. 1967ರ ಡಿಸೆಂಬರ್ 10ರಂದು ಅವನ ಪುಟ್ಟ ವಿಮಾನ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಹತ್ತಿರ ಮನೋನಾ ಕೆರೆಗೆ ಬಿತ್ತು. ಅವನಿಗೆ 26 ವರ್ಷ. ಜೊತೆಯಲ್ಲಿದ್ದ ಬಾರ್-ಕೇಸ್ ತಂಡದ ಎಳೆಯ ಹುಡುಗರೂ ಹೋದರು. ಬದುಕಿದ್ದು ಟ್ರಂಪೆಟ್ ನುಡಿಸುತ್ತಿದ್ದ ಬೆನ್ ಕಾಲಿ ಒಬ್ಬನೇ, ಸೀಟಿನ ದಿಂಬು ಹಿಡಿದುಕೊಂಡು, ಕೊರೆಯುವ ನೀರಿನಲ್ಲಿ. ಮೇಕನ್‌ನ ಸಿಟಿ ಆಡಿಟೋರಿಯಮ್ಮಿನಲ್ಲಿ ಸುಮಾರು 3,000 ಜನ ಕೂರಬಹುದಿತ್ತು, ಅಂತಿಮ ದರ್ಶನಕ್ಕೆ 4,500 ಜನ ಬಂದರು. ಆಮೇಲೆ ಊರಾಚೆಯ ಅವನದೇ ತೋಟದಲ್ಲಿ ಮಣ್ಣು ಮಾಡಿದರು. ಸಾಯುವ ಕೆಲವೇ ದಿನ ಮೊದಲು ಹಾಡಿದ್ದ, ಕಡಲ ದಂಡೆಯಲ್ಲಿ ಕೂತವನ ಹಾಡು 'ಡಾಕ್ ಆಫ್ ದ ಬೇ'ಯನ್ನು ಗೆಳೆಯ ಸ್ಟೀವ್ ಕ್ರಾಪರ್ ಅಲೆಯ ಸದ್ದು, ಹಕ್ಕಿಯ ಸದ್ದು ಸೇರಿಸಿ ಮುಗಿಸಿದರು. ಕೊನೆಯ ಶಿಳ್ಳೆ ಓಟಿಸ್‌ನದೇ. 1968ರಲ್ಲಿ ಅದು ನಂಬರ್ ಒನ್ ಆಯಿತು. ಗಾಯಕ ತೀರಿಕೊಂಡ ಮೇಲೆ ಹೊರಬಂದು ಅಮೆರಿಕದಲ್ಲಿ ಆ ಜಾಗಕ್ಕೆ ಏರಿದ ಮೊದಲ ಹಾಡು ಅದೇ.

ಈಗ ನಮ್ಮ ಕಡೆಗೆ ಬರುತ್ತೇನೆ. ಓಟಿಸ್‌ನ ಒಡಕು ದನಿ ಕೇಳಿದಾಗಲೆಲ್ಲ ನನಗೆ ನೆನಪಾಗುವವರು ಸಿ. ಅಶ್ವತ್ಥ್. ಹುಟ್ಟಿದ್ದು 1939ರ ಡಿಸೆಂಬರ್ 29ಕ್ಕೆ, ತೀರಿಕೊಂಡಿದ್ದು 2009ರ ಡಿಸೆಂಬರ್ 29ಕ್ಕೆ. ಅವರದೂ ನಯದ ದನಿ ಅಲ್ಲ. ಗಂಟಲು ಬಿಚ್ಚಿ, ಹೊಟ್ಟೆಯಿಂದ ಎತ್ತಿ ಹಾಡುತ್ತಿದ್ದರು. ಶಿಶುನಾಳ ಷರೀಫರ ಪದಗಳನ್ನು ಅವರು ಹಾಡಿದ್ದು ಹೇಗೆ ಅಂತ ಸ್ವಲ್ಪ ಯೋಚನೆ ಮಾಡಿ. ಷರೀಫರು 1889ರಲ್ಲೇ ಹೋದವರು. ಹಾವೇರಿ, ಧಾರವಾಡದ ಕಡೆ ಭಜನೆಯವರು ಏಕತಾರಿ, ದಮಡಿ ಹಿಡಿದು ಆ ಪದಗಳನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದರು. ಅಶ್ವತ್ಥ್ ಅದರ ನಕಲು ಮಾಡಲಿಲ್ಲ. ತಮ್ಮ ಧಾಟಿ ಕಟ್ಟಿದರು. ಹಾಸನ ಜಿಲ್ಲೆಯಲ್ಲಿ ಹುಟ್ಟಿದ ಅಶ್ವತ್ಥ್ ಬಾಯಲ್ಲಿ ಷರೀಫರು ನಾಡಿನ ಮನೆಮನೆಗೂ ಹೋದರು. ಅದಕ್ಕೇ ಅಲ್ವಾ ನಾವು ಅವರನ್ನು ಇಷ್ಟು ಪ್ರೀತಿಸುವುದು?

ಆದರೆ ಅಶ್ವತ್ಥ್ ನೆನಪಿನ ಕಾರ್ಯಕ್ರಮ ಅಂದರೆ ನಾವು ಮಾಡುವುದೇ ಬೇರೆ. ಲ್ಯಾಪ್‌ಟಾಪಿನಲ್ಲಿ ಕರೋಕೆ ಟ್ರ್ಯಾಕ್ ಹಾಕುತ್ತೇವೆ. ಟ್ರ್ಯಾಕ್‌ನ ವೇಗ ಮೊದಲೇ ಗೊತ್ತುಮಾಡಿದ್ದು, ಶ್ರುತಿಯೂ ಹಾಗೇ. ಒಂದು ಸಾಲು ಮನಸ್ಸಿಗೆ ಹತ್ತಿತು, ಇನ್ನೊಂದು ಸಲ ಹಾಡೋಣ ಅಂದರೆ ಟ್ರ್ಯಾಕ್ ಕಾಯುವುದಿಲ್ಲ, ಮುಂದೆ ಹೋಗಿಬಿಟ್ಟಿರುತ್ತದೆ. ಹಾಡುವವರು ಅದರ ಹಿಂದೆ ಓಡಬೇಕು. ಓಟಿಸ್ ಮಾಂಟೆರಿಯಲ್ಲಿ ಹಾಡು ಮುಗಿಯಿತು ಅನ್ನುವಾಗ ಮತ್ತೆ ಶುರು ಮಾಡಿ ಜನರನ್ನು ಎಬ್ಬಿಸಿ ನಿಲ್ಲಿಸಿದ. ಹಿಂದೆ ನುಡಿಸುತ್ತಿದ್ದವರು ಅವನ ಕಡೆ ನೋಡುತ್ತಿದ್ದರಿಂದ ಅದು ಆಯಿತು. ಜೀವ ಇರುವ ಒಂದು ತಬಲಾ ಕೊಡುವುದನ್ನು ಯಾವ ಟ್ರ್ಯಾಕೂ ಕೊಡುವುದಿಲ್ಲ.

ನಮ್ಮ ರೀತಿಯಲ್ಲಿ ಒಳ್ಳೆಯದು ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೂಲದ ಹಾಗೆಯೇ ಹಾಡುವುದರಿಂದ ಸಭೆಗೆ ಸಭೆಯೇ ಜೊತೆಗೂಡುತ್ತದೆ. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರ ಬಾಯಲ್ಲೂ ಸಾಲು ಇರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಳ, ಣ ನಾಲಿಗೆಗೆ ಹತ್ತುವುದೂ ಎಷ್ಟೋ ಸಲ ಹಾಡಿನಿಂದಲೇ. ಕಲಿಯುವಾಗ ನಕಲು ಬೇಕು. ಓಟಿಸ್ ಕೂಡ ಹಾಗೇ ಕಲಿತ. ತೊಂದರೆ ಇರುವುದು ಅಲ್ಲೇ ನಿಂತುಬಿಡುವುದರಲ್ಲಿ. ಇಪ್ಪತ್ತು ವರ್ಷದಿಂದ ಹಾಡುತ್ತಿರುವ, ಒಳ್ಳೆಯ ಸ್ವಂತ ಗಂಟಲಿರುವ ಹೆಣ್ಣುಮಗಳೂ ವೇದಿಕೆಗೆ ಬಂದಾಗ ಜಾನಕಿಯಮ್ಮನ ದನಿಯಲ್ಲೇ ಹಾಡಬೇಕು ಅಂದರೆ, ಅವಳ ದನಿಯನ್ನು ನಾವು ಯಾವಾಗ ಕೇಳುವುದು?

ಓಟಿಸ್‌ನ ಹೆಂಡತಿ ಜೆಲ್ಮಾ 2007ರಲ್ಲಿ ಮೇಕನ್‌ನಲ್ಲಿ ಅವನ ಹೆಸರಿನ ಪ್ರತಿಷ್ಠಾನ ಶುರು ಮಾಡಿದರು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಂಗೀತ ಶಿಬಿರ ನಡೆಸುತ್ತಾರೆ. ಅಲ್ಲಿ ಮಕ್ಕಳು ಹೊಸ ಹಾಡು ಬರೆಯುತ್ತಾರೆ, ತಾವೇ ಧಾಟಿ ಹಾಕುತ್ತಾರೆ, ಹಾಡುತ್ತಾರೆ. ಒಬ್ಬ ಗಾಯಕನಿಗೆ ಇದಕ್ಕಿಂತ ದೊಡ್ಡ ಗೌರವ ನನಗಂತೂ ಹೊಳೆಯುವುದಿಲ್ಲ.

ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಇಲ್ಲಿನ ಶಾಲೆಗಳ ಗಾಯನ ತಂಡಗಳಲ್ಲಿ ಗಾಸ್ಪೆಲ್ ಎಂಬ ಚರ್ಚಿನ ಹಾಡುಗಳನ್ನು ಹಾಡಿಕೊಂಡು ಬೆಳೆಯುತ್ತಿದ್ದಾರೆ. ಅದೇ ಗಂಟಲಿನಲ್ಲಿ ಷರೀಫರ ಒಂದು ಪದ ಹಾಡಲಿ, ಚಪ್ಪಾಳೆಯ ತಾಳಕ್ಕೇ ಹಾಡಲಿ. ಷರೀಫರಿಗೆ ಅದು ಹೊಸದೇನಲ್ಲ, ಅವರ ಪದಗಳು ಇಷ್ಟು ದಿನ ಉಳಿದಿದ್ದೇ ಬಾಯಿಂದ ಬಾಯಿಗೆ ಬದಲಾಗುತ್ತ. ಈ ಸಲ ಡಿಸೆಂಬರ್ 29ರ ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪ್ ಬೇಡ ಅಂತ ನಮ್ಮವರನ್ನು ಕೇಳಿಕೊಂಡಿದ್ದೇನೆ. ತಬಲಾ, ಹಾರ್ಮೋನಿಯಂ ಬಾರಿಸುವವರು ನಮ್ಮಲ್ಲೇ ಇದ್ದಾರೆ, ಇಬ್ಬರೂ ಒಪ್ಪಿದ್ದಾರೆ. ಹಾಡುವವರು ಹೆಸರು ಕೊಡಬೇಕು.