ಸಹಿಗೆ ದೊಡ್ಡಪ್ಪನೇ ಬರಬೇಕು

ನಮ್ಮ ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು. ಪಹಣಿಯ 9ನೇ ಕಾಲಂನಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ತಿಪಟೂರು ತಾಲ್ಲೂಕಿನ ಮೂರು ಎಕರೆ ತೆಂಗಿನ ತೋಟಕ್ಕೆ ಇವತ್ತಿಗೂ ಅವರೇ ಯಜಮಾನರು. ಕಂದಾಯದ ರಸೀದಿ ಅವರ ಹೆಸರಿಗೇ ಬರುತ್ತದೆ. 11ನೇ ಕಾಲಂನಲ್ಲಿ ಅವರ ಹಳೆಯ ಬೆಳೆಸಾಲವೂ ಕೂತಿದೆ. ಅದನ್ನು ಕಟ್ಟಿ ತೀರಿಸಿದವರು ನಾವು, ತೆಗೆಸಲು ಅರ್ಜಿ ಕೊಡಬೇಕಾದವರು ಖಾತೆದಾರರು, ಅಂದರೆ ದೊಡ್ಡಪ್ಪ.

ಈ ಬೇಸಿಗೆಯಲ್ಲಿ ಕೊಳವೆಬಾವಿ ನೀರಿನ ಬದಲು ಗಾಳಿ ಊದಿತು. ಗರಿಗಳು ಜೋತುಬಿದ್ದವು, ಎಳೆಗಾಯಿ ಉದುರಿದವು. ಹೊಸ ಬೋರ್ ಕೊರೆಸಲು ತೋಟ ಅಡವಿಡೋಣ ಎಂದುಕೊಂಡೆ. ಹಾಗೆ ಅಂದುಕೊಳ್ಳುವ ಹಕ್ಕು ನನಗಿದೆ. ತೋಟದ ಆದಾಯ ಬದುಕಿರುವವರೆಗೆ ದೊಡ್ಡಮ್ಮನಿಗೆ, ಆಮೇಲೆ ತೋಟ ಮೊಮ್ಮಗನಿಗೆ, ಇದೆಲ್ಲ ನಡೆಸುವ ಹೊಣೆ ನನಗೆ ಎಂದು ದೊಡ್ಡಪ್ಪ ಉಯಿಲು ಬರೆದಿದ್ದಾರೆ. ಕನ್ನಡಕ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿದ್ದು ನನ್ನ ಕಣ್ಣಲ್ಲಿದೆ. ಕೋರ್ಟಿನ ಭಾಷೆಯಲ್ಲಿ ನಾನು ಎಕ್ಸಿಕ್ಯೂಟರ್. ಹೆಸರು ಭಾರವಾಗಿದೆ, ಸಂಬಳವಿಲ್ಲ.

ವಕೀಲರು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ತೆರೆದು 307ನೇ ಕಲಮು ಓದಿದರು. ಸತ್ತವರ ಆಸ್ತಿಯನ್ನು ಎಕ್ಸಿಕ್ಯೂಟರ್ ತನಗೆ ಸರಿಕಂಡಂತೆ ವಿಲೇವಾರಿ ಮಾಡಬಹುದು, ಉಯಿಲಿನಲ್ಲಿ ಬೇಡ ಎಂದು ಬರೆದಿರಬಾರದು ಅಷ್ಟೇ. ಬರೆದಿದ್ದರೂ, ಪ್ರೊಬೇಟ್ (ಉಯಿಲು ಅಸಲಿ ಎಂಬ ದೃಢೀಕರಣ) ಕೊಟ್ಟ ಕೋರ್ಟು ಲಿಖಿತ ಅನುಮತಿ ಕೊಟ್ಟರೆ ದಾರಿಯುಂಟು. ಉಯಿಲಿಲ್ಲದೆ ಸತ್ತವರ ಆಸ್ತಿಗೆ ಕೋರ್ಟೇ ನೇಮಿಸುವ ಆಡಳಿತಗಾರನಿಗೆ ಈ ಭಾಗ್ಯವಿಲ್ಲ. ಜಮೀನು ಅಡವಿಡಬೇಕಾದರೂ, ಐದು ವರ್ಷ ಮೀರಿ ಗುತ್ತಿಗೆಗೆ ಕೊಡಬೇಕಾದರೂ ಮೊದಲು ಕೋರ್ಟಿನ ಅನುಮತಿ ಬೇಕು. ಸತ್ತವನು ನಂಬಿದವನನ್ನು ಕಾಯ್ದೆ ನಂಬುತ್ತದೆ, ನ್ಯಾಯಾಧೀಶರು ಬಾಂಡ್ ಬರೆಸಿಕೊಂಡು ನಂಬಿದವನನ್ನು ನಂಬುವುದಿಲ್ಲ! ಈ ಕಟ್ಟುಪಾಡೂ ಸತ್ತವರು ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಾಗಿದ್ದರೆ. ಕ್ರೈಸ್ತರಾಗಿದ್ದರೆ ಈ ತಡೆಯೇ ಇಲ್ಲ. ಸ್ವರ್ಗದ ಬಾಗಿಲಲ್ಲಿ ಜಾತಿ ಕೇಳುತ್ತಾರೋ ಇಲ್ಲವೋ, ಅಡಮಾನದ ಬಾಗಿಲಲ್ಲಿ ಧರ್ಮ ಕೇಳುತ್ತಾರೆ.

"ನಿಮಗೆ ಅಧಿಕಾರ ಇದೆ, ಧೈರ್ಯವಾಗಿ ಹೋಗಿ" ಎಂದು ವಕೀಲರು ಫೀಸು ತೆಗೆದುಕೊಂಡರು. ಧೈರ್ಯವಾಗಿಯೇ ಬ್ಯಾಂಕಿಗೆ ಹೋದೆ.

"ಓನರ್ ಸಹಿ ಬೇಕು ಸರ್."

"ಓನರ್ ತೀರಿಕೊಂಡಿದ್ದಾರೆ."

"ಡೆತ್ ಸರ್ಟಿಫಿಕೇಟ್ ಇದೆಯಾ?"

ಕೊಟ್ಟೆ. ಮ್ಯಾನೇಜರು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಸರಿಯಾಗಿದೆ. ಆದ್ರೆ ಪಹಣೀಲಿ ಅವರಿದಾರಲ್ಲ ಸರ್?"

307ನೇ ಕಲಮು ತೋರಿಸಿದೆ. ಅವರು ಅದನ್ನು ಪಕ್ಕದ ಊರಿನ ಮದುವೆ ಪತ್ರಿಕೆಯಂತೆ ಗೌರವದಿಂದ ನೋಡಿ ಬದಿಗಿಟ್ಟರು. "ನೀವು ಎಕ್ಸಿಕ್ಯೂಟರ್ರೋ, ಟ್ರಸ್ಟಿಯೋ? ಟ್ರಸ್ಟಿ ಆದ್ರೆ ಬೇರೆ ಕಾಯ್ದೆ." ಹೌದು, ಅದು 1882ರ ಭಾರತೀಯ ಟ್ರಸ್ಟ್ ಕಾಯ್ದೆ. 21 ವರ್ಷ ಮೀರಿದ ಗುತ್ತಿಗೆಗೆ ಕೋರ್ಟಿನ ಅನುಮತಿ ಬೇಕು ಎನ್ನುವ ಅದರ 36ನೇ ಕಲಮು ಅಡಮಾನದ ಬಗ್ಗೆ ತುಟಿ ಬಿಚ್ಚುವುದಿಲ್ಲ. ನಾನೂ ಬಿಚ್ಚಲಿಲ್ಲ. ಕೊನೆಗೆ ಅವರೇ ದಾರಿ ತೋರಿಸಿದರು: "ಮೊದ್ಲು ಪೌತಿ ಖಾತೆ ಮಾಡಿಸ್ಕೊಂಡು ಬನ್ನಿ." ಅಂದರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಆಗಬೇಕು.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ವಂಶವೃಕ್ಷ ಕೇಳಿದರು, ಕೊಟ್ಟೆ. ಉಯಿಲು ಕೇಳಿದರು, ಕೊಟ್ಟೆ. "ರಿಜಿಸ್ಟರ್ ಆಗಿಲ್ಲವಲ್ಲ!" ಉಯಿಲಿಗೆ ನೋಂದಣಿ ಕಡ್ಡಾಯವಲ್ಲ ಎಂದೆ. "ಕಾನೂನಲ್ಲಿ ಹಂಗೇ ಇರಬೋದು ಸ್ವಾಮಿ. ಕಂಪ್ಯೂಟರ್‌ನಲ್ಲಿ ಆಪ್ಷನ್ ಇಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಬನ್ನಿ." ಹೋಗಿ ಬನ್ನಿ ಎಂದದ್ದು ತಿಪಟೂರಿನಿಂದ ಅರಸೀಕೆರೆಗೆ ಹೋಗಿ ಬನ್ನಿ ಎಂಬಷ್ಟು ಸಲೀಸಾಗಿತ್ತು. ಕೋರ್ಟಿಗೆ ಹೋದವರು ಬರುವುದು ಮೊಮ್ಮಗನ ಕಾಲಕ್ಕೆ.

ಅದೇ ಸಂಜೆ ದೊಡ್ಡಪ್ಪನ ಹಳೆಯ ಮೊಬೈಲು ಟಿಂಗ್ ಎಂದಿತು. ದೊಡ್ಡಮ್ಮ ಅದನ್ನು ಇವತ್ತಿಗೂ ಚಾರ್ಜು ಹಾಕಿಯೇ ಇಡುತ್ತಾರೆ. ಅದೇ ಬ್ಯಾಂಕಿನ ಸಂದೇಶ: ಆತ್ಮೀಯ ಗ್ರಾಹಕರೇ, ನಿಮಗೆ 2 ಲಕ್ಷ ರೂಪಾಯಿ ಸಾಲ ಮುಂಚಿತವಾಗಿ ಮಂಜೂರಾಗಿದೆ, ಯಾವುದೇ ದಾಖಲೆ ಬೇಡ.

ಬದುಕಿರುವ ನಾನು ಎರಡು ಕಾಯ್ದೆ, ಒಬ್ಬ ವಕೀಲರನ್ನು ಹೊತ್ತು ತಿರುಗಿದರೂ ಸಿಗದ ಸಾಲ, ಸತ್ತವರ ಮನೆಬಾಗಿಲಿಗೆ ತಾನಾಗಿ ಬಂದು ನಿಂತಿತ್ತು. ಓದಿ ಹೇಳಿದೆ. ದೊಡ್ಡಮ್ಮ ಹುಣಸೆಹಣ್ಣು ಬಿಡಿಸುತ್ತಾ ಕೇಳಿಸಿಕೊಂಡರು.

"ಅದ್ಯಾಕಪ್ಪ ಒದ್ದಾಡ್ತೀಯ? ಮಾಲಯ ಅಮಾಸೆಗೆ ಹೆಂಗೂ ಬತ್ತಾರಲ್ಲ, ಸಹಿ ಹಾಕಿಸ್ಕಂಡ್ರಾಯ್ತು."

ಸುಮ್ಮನೆ ಹೇಳಿದ್ದಲ್ಲ ಎಂದು ಅಮಾವಾಸ್ಯೆಯ ದಿನ ಗೊತ್ತಾಯಿತು. ಹಾರ ಹಾಕಿದ ಫೋಟೋದ ಮುಂದೆ ಎಡೆ ಇಟ್ಟಿದ್ದರು. ಹೊಸ ಪಂಚೆ, ವಡೆ, ಪಾಯಸ, ಅವರಿಗೆ ಇಷ್ಟದ ಗಣೇಶ ಬೀಡಿ ಒಂದು ಕಟ್ಟು. ಪಕ್ಕದಲ್ಲಿ ಬ್ಯಾಂಕಿನ ಫಾರಂ. ಸಹಿ ಮಾಡುವ ಜಾಗಗಳಿಗೆಲ್ಲ ಮ್ಯಾನೇಜರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟಿದ್ದ ಅದೇ ಪ್ರತಿ. ನಾನು ಜೇಬಿನಿಂದ ಪೆನ್ನು ತೆಗೆದು ಅದರ ಮೇಲಿಟ್ಟೆ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬಂದೆವು. ದೊಡ್ಡಮ್ಮ ತಡೆದು, ಒಳಗೆ ಹೋಗಿ, ಗೂಡಿನಿಂದ ಕನ್ನಡಕ ತಂದು ಸೆರಗಿನಲ್ಲಿ ಎರಡು ಸಲ ಒರೆಸಿ ಫಾರಂ ಮೇಲಿಟ್ಟು ಬಂದರು.