ರೇಡಿಯೋ ಕೊಟ್ಟ ‘ಜಾನಪದ’ ಹಣೆಪಟ್ಟಿ ಕಳಚೋದೇ ಇಲ್ವಾ?

ರಾಯಚೂರು ಕಡೆಯ ಭಜನಾ ಮೇಳಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಆಗಾಗ ಓಡಾಡುತ್ತದೆ: ಸರ್ಕಾರಿ ರೇಡಿಯೋ, ಅಂದ್ರೆ ಆಕಾಶವಾಣಿ, ಒಮ್ಮೆ ಜಾನಪದ ಕಲಾವಿದ ಅಂತ ಬರೆದುಕೊಂಡರೆ ಮುಗೀತು, ಮುಂದೆ ಶಾಸ್ತ್ರೀಯ ಹಾಡೋ ಹಾಗಿಲ್ಲ.

ಇದು ನಿಜವಲ್ಲ. ಆಡಿಷನ್, ಅಂದ್ರೆ ಕಲಾವಿದರನ್ನು ಹಾಡಿಸಿ ಆರಿಸೋ ಪರೀಕ್ಷೆ, ವಿಭಾಗವಾರು ನಡೆಯುತ್ತದೆ. ಹಿಂದೂಸ್ತಾನಿ, ಕರ್ನಾಟಕ, ಸುಗಮ ಸಂಗೀತ, ಜಾನಪದ ಎಲ್ಲಕ್ಕೂ ಬೇರೆ ಬೇರೆ. ಅದರಲ್ಲಿ ಪಾಸಾದವರಿಗೆ ಸಿಗೋ ಬಿ, ಬಿ ಹೈ, ಎ ಅನ್ನೋ ಗ್ರೇಡ್ ಆಯಾ ವಿಭಾಗಕ್ಕಷ್ಟೇ. ಒಂದಕ್ಕಿಂತ ಜಾಸ್ತಿ ವಿಭಾಗಗಳಲ್ಲಿ ಗ್ರೇಡ್ ಪಡೆದವರೂ ಇದ್ದಾರೆ.

ಹಾಗಂತ ಈ ಮಾತು ಸುಮ್ನೆ ಹುಟ್ಟಿಲ್ಲ. ರೇಡಿಯೋಗೆ ಪ್ರತಿ ಹಾಡಿಗೂ ಒಂದು ಖಾನೆ ಬೇಕು. ಮಾನ್ವಿ ಕಡೆಯ ದಾಸರ ಪದವನ್ನೇ ನೋಡಿ. ತಾಳ, ತಂಬೂರಿ ಹಿಡಿದು ಗುಡಿಯಲ್ಲಿ ಹಾಡಿದರೆ ಭಜನೆ. ಹಿಂದೂಸ್ತಾನಿ ಢಂಗಿನಲ್ಲಿ ಬೆಳೆಸಿದರೆ ದಾಸವಾಣಿ. ಕರ್ನಾಟಕ ಕಛೇರಿಯ ಕೊನೆಗೆ ಬಂದರೆ ದೇವರನಾಮ. ಪದ ಅದೇ ಅಲ್ವಾ? ಏಕತಾರಿ ಹಿಡಿದು ತತ್ವಪದ ಹಾಡುವವರನ್ನಂತೂ ಎಲ್ಲಿ ಕೂರಿಸೋದು ಅನ್ನೋದೇ ಪ್ರಶ್ನೆ. ಇನ್ನು ಹಾರ್ಮೋನಿಯಂ ಕಥೆ ಗೊತ್ತೇ ಇದೆ: 1940ರಲ್ಲಿ ರೇಡಿಯೋ ಅದನ್ನೇ ಹೊರಗಿಟ್ಟಿತ್ತು, ಆ ನಿಷೇಧ ಸಡಿಲವಾಗಲು ಸುಮಾರು ಮೂವತ್ತು ವರ್ಷ ಬೇಕಾಯಿತು. ಹಳಬರಿಗೆ ಬೇಸರ ಇದ್ದರೆ ತಪ್ಪೇನಿಲ್ಲ.

ಇಂಥ ಸಂದೇಶ ಬಂದಾಗ ಯಾವ ನಿಯಮ, ಯಾವ ವರ್ಷದ್ದು ಅಂತ ಬರೆದಿದೆಯಾ ನೋಡಿ. ಬಹಳ ಸಲ ಇರುವುದಿಲ್ಲ. ಪರಿಚಯದ ಗ್ರೇಡ್ ಕಲಾವಿದರಿದ್ದರೆ ಅವರ ಪತ್ರ ತೋರಿಸಿ ಅನ್ನಿ, ಯಾವ ವಿಭಾಗದ ಗ್ರೇಡ್ ಅನ್ನೋದು ಅದರಲ್ಲೇ ಇರುತ್ತದೆ. ಇನ್ನೂ ಅನುಮಾನವಿದ್ದರೆ ರೇಡಿಯೋ ನಿಲಯಕ್ಕೇ ಹೋಗಿ ಆಡಿಷನ್ ಅರ್ಜಿ ಬಗ್ಗೆ ವಿಚಾರಿಸಿ. ರಾಯಚೂರಿನಲ್ಲೇ ಒಂದು ನಿಲಯವಿದೆ.