ಮೋಸ ಹೋದವರನ್ನು ‘ಬಕ್ರಾ’ ಅನ್ನಬೇಡಿ

ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ನಮ್ಮ ಚಿಕ್ಕಪ್ಪನ ವಿಷಯ ತೆಗೆದರು. ‘ಮೇಷ್ಟ್ರಾಗಿದ್ದವರು ಹೀಗೆ ಬಕ್ರಾ ಆಗೋದಾ!’ ಸಾಲಿಡೀ ನಗು. ಎರಡು ಎಲೆ ಆಚೆ ಕೂತಿದ್ದ ಚಿಕ್ಕಪ್ಪನ ಕೈ ಕಲಸಿದ ಅನ್ನದ ಮೇಲೆ ಹಾಗೇ ನಿಂತಿತು. ಆಮೇಲೆ ಎಲೆ ಮಡಚಿ ಎದ್ದುಬಿಟ್ಟರು. ಪಾಯಸ ಇನ್ನೂ ಬಂದಿರಲಿಲ್ಲ.

ಅವತ್ತಿನಿಂದ ಈ ಪದ ನನ್ನನ್ನು ಕೊರೆಯುತ್ತಿದೆ.

ಬಕ್ರಾ ಹಿಂದಿಯಿಂದ ಬಂದದ್ದು. ಹೋತ ಅಂತ ಅರ್ಥ. ನಮ್ಮಲ್ಲೂ ‘ಕುರಿ ಮಾಡಿದ’ ಅನ್ನುವ ಮಾತಿದೆ. ‘ಮಿಕ’ ಅಂತಲೂ ಇದೆ. ಸಂಸ್ಕೃತದ ಮೃಗ ಕನ್ನಡದ ಬಾಯಲ್ಲಿ ಮಿಗ, ಮಿಕ ಆಯಿತು. ‘ಒಳ್ಳೇ ಮಿಕ ಬಿತ್ತು’ ಅನ್ನುವವನು ಯಾರು ಹೇಳಿ? ಬಲೆ ಹಾಕಿ ಕಾದು ಕೂತವನು. ಬಕ್ರಾ ಕೂಡ ಅಷ್ಟೇ, ಕತ್ತಿ ಹಿಡಿದವನ ಕಣ್ಣಿಗೆ ಕಂಡ ಪ್ರಾಣಿ. ಮೋಸಗಾರ ಆಡುವ ಮಾತನ್ನು ಮನೆಯವರಾದ ನಾವು ಮೋಸ ಹೋದವರ ಎದುರಿಗೇ ಆಡುತ್ತೇವಲ್ಲ, ಅದು ನನಗೆ ಸಹಿಸಲು ಆಗುತ್ತಿಲ್ಲ.

‘ಹಿತ್ತಾಳೆ ಕಿವಿ’ ಬೇರೆ. ಚಾಡಿ ಕೇಳಿ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯುವ ಸಾಹೇಬರಿಗೆ, ಯಜಮಾನರಿಗೆ ಹೇಳುವ ಮಾತು ಅದು. ಅವರು ನಂಬಿದ್ದಕ್ಕೆ ಪೆಟ್ಟು ತಿನ್ನುವವರು ಬೇರೆಯವರು. ಅಲ್ಲಿ ಬೈದರೆ ನ್ಯಾಯ ಇದೆ. ಬಕ್ರಾ ಅನ್ನಿಸಿಕೊಂಡವರು ಪೆಟ್ಟು ತಿಂದವರೇ ಅಲ್ವಾ?

ಚಿಕ್ಕಪ್ಪನಿಗೆ ಆದದ್ದು ‘ಡಿಜಿಟಲ್ ಅರೆಸ್ಟ್’. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ವಿಡಿಯೊ ಕರೆ. ಎದುರಿಗೆ ಖಾಕಿ ಸಮವಸ್ತ್ರ. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಕೊಂಡು ಇಡೀ ದಿನ ಕೂತಿದ್ದರಂತೆ. ನೀರು ಕುಡಿಯಲು ಹೋಗುವಾಗಲೂ ‘ಸಾರ್, ಎದ್ದೇಳಬಹುದಾ’ ಅಂತ ಕೇಳಿದ್ದರಂತೆ. ಜೀವನವಿಡೀ ಕಾನೂನಿಗೆ ಹೆದರಿ ಬದುಕಿದವರು. ಆ ಹೆದರಿಕೆಯನ್ನೇ ಹಿಡಿದುಕೊಂಡು ಮೋಸಗಾರರು ಹಣ ಕಿತ್ತುಕೊಂಡರು. ಕಾನೂನಿನಲ್ಲಿ ಅಂಥ ಅರೆಸ್ಟ್ ಇಲ್ಲವೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು. ದೇಶಕ್ಕೆಲ್ಲ ಹೇಳಬೇಕಾಗಿ ಬಂತು ಅಂದರೆ ಬಿದ್ದವರು ಒಬ್ಬಿಬ್ಬರಲ್ಲ. ಅವರೆಲ್ಲ ಪೆದ್ದರೂ ಅಲ್ಲ.

ನಮಗೆ ಚಿಕ್ಕಪ್ಪ ವಿಷಯ ಹೇಳಿದ್ದು ಎಂಟು ದಿನ ಆದಮೇಲೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದರೆ, ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ಬ್ಯಾಂಕಿನಲ್ಲೇ ತಡೆಯುವ ಅವಕಾಶ ಇರುತ್ತದೆ. ಎಂಟು ದಿನಕ್ಕೆ ಏನು ಉಳಿಯುತ್ತದೆ? ‘ಯಾಕೆ ಹೇಳಲಿಲ್ಲ ಚಿಕ್ಕಪ್ಪ’ ಅಂದೆ. ‘ನೀವೆಲ್ಲ ಏನಂತೀರೋ ಅಂತ’ ಅಂದರು. ನಾವು ಏನನ್ನುತ್ತೇವೆ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಪಂಕ್ತಿಯಲ್ಲಿ ಅದನ್ನೇ ಅಂದೆವು.

‘ಅವರು ಮೋಸ ಹೋದರು’ ಅನ್ನುವ ಬದಲು ‘ಅವರಿಗೆ ಮೋಸ ಮಾಡಿದರು’ ಅಂದು ನೋಡಿ. ತಪ್ಪು ಮಾಡಿದವನ ಕಡೆಗೆ ಮಾತು ತಿರುಗುತ್ತದೆ. ನಾನೀಗ ಹಾಗೇ ಹೇಳುತ್ತಿದ್ದೇನೆ.

ಬರುವ ಭಾನುವಾರ ಮನೆಯಲ್ಲಿ ನಾಮಕರಣ ಇದೆ. ಚಿಕ್ಕಪ್ಪ ಬರಲ್ಲ ಅಂದಿದ್ದಾರೆ. ನಾನೇ ಹೋಗಿ ಕರೆತರುತ್ತೇನೆ. ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ನನ್ನದು.